ಫೋಟೋ ಪರ್ಮಿಷನ್ ಕೇಳಿದರೆ ಇಡೀ ಗ್ಯಾಲರಿ ಕೊಡಬೇಡಿ

ಯಾವುದಾದರೂ ಆ್ಯಪ್ ಫೋಟೋಗಳ ಪರ್ಮಿಷನ್ ಕೇಳಿದಾಗ ‘ಅಲೋ ಆಲ್’ ಒತ್ತಬೇಡಿ, ಅಲ್ಲೇ ಇರುವ ‘ಲಿಮಿಟೆಡ್ ಆ್ಯಕ್ಸೆಸ್’ (ಕೆಲವು ಫೋನ್‌ಗಳಲ್ಲಿ ‘ಸೆಲೆಕ್ಟ್ ಫೋಟೋಸ್’) ಒತ್ತಿ ಬೇಕಾದ ಒಂದೆರಡು ಫೋಟೋ ಮಾತ್ರ ಆರಿಸಿ ಕೊಡಿ. ಉಳಿದ ಫೋಟೋಗಳನ್ನು ಫೋನೇ ಆ ಆ್ಯಪ್‌ಗೆ ತೋರಿಸುವುದಿಲ್ಲ, ಹಾಗಾಗಿ ಆ್ಯಪ್ ಮಾಡಿದವರ ಮಾತನ್ನು ನಂಬಿ ಕೂರಬೇಕಾಗಿಲ್ಲ. ಗ್ಯಾಲರಿ ಅಂದರೆ ಬರೀ ಸೆಲ್ಫಿ ಅಲ್ವಲ್ಲ, ಗುರುತಿನ ಚೀಟಿ, ಬ್ಯಾಂಕಿನ ಸ್ಕ್ರೀನ್‌ಶಾಟ್, ಡಾಕ್ಟರ ಚೀಟಿ, ಮಕ್ಕಳ ಫೋಟೋ ಎಲ್ಲ ಅಲ್ಲೇ ಇರುತ್ತವೆ. ಒಂದು ಪ್ರೊಫೈಲ್ ಫೋಟೋ ಹಾಕಲು ಇಷ್ಟನ್ನೆಲ್ಲ ಯಾಕೆ ತೆರೆದಿಡಬೇಕು? ಐಫೋನ್‌ನಲ್ಲಿ ಐಓಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 14ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಹಿಂದೆ ಪೂರ್ತಿ ಕೊಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪರ್ಮಿಷನ್ ತೆರೆದು ಈಗಲೂ ಬದಲಿಸಬಹುದು, ಮೊದಲು ಸಾಲ ಕೊಡುವ ಆ್ಯಪ್ ಮತ್ತು ಫೋಟೋ ಎಡಿಟ್ ಮಾಡುವ ಆ್ಯಪ್‌ಗಳನ್ನು ನೋಡಿ. ಎಲ್ಲ ಕಡೆ ಇದು ನಡೆಯುವುದಿಲ್ಲ. ಬ್ಯಾಕಪ್ ಆ್ಯಪ್‌ಗೆ ಪೂರ್ತಿ ಗ್ಯಾಲರಿ ಬೇಕೇ ಬೇಕು, ಇಲ್ಲದಿದ್ದರೆ ಹೊಸ ಫೋಟೋಗಳು ಸುಮ್ನೆ ಬಿಟ್ಟುಹೋಗುತ್ತವೆ. ಹಳೆಯ ಆಂಡ್ರಾಯ್ಡ್‌ನಲ್ಲಾದರೆ ಕೆಲಸ ಮುಗಿದ ಮೇಲೆ ಪರ್ಮಿಷನ್ ವಾಪಸ್ ತೆಗೆಯಿರಿ. ಈಗಾಗಲೇ ಅವರ ಸರ್ವರ್‌ಗೆ ಹೋಗಿರುವ ಫೋಟೋ ಮಾತ್ರ ಇದರಿಂದ ಅಳಿಸುವುದಿಲ್ಲ, ಅದಕ್ಕೆ ಆ ಫೋಟೋ ಅಥವಾ ಅಕೌಂಟ್ ಡಿಲೀಟ್ ಮಾಡಲು ಆ್ಯಪ್‌ನವರನ್ನೇ ಕೇಳಬೇಕು.