ಹಳೆ ಪಿ.ಸಿ.ಗೆ ಲಿನಕ್ಸ್: ದುಡ್ಡು ಹಾಕಬೇಕಾದ್ದು ಎಲ್ಲಿ, ಹಾಕಬಾರದ್ದು ಎಲ್ಲಿ

ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲಿ ಈಗ ಇರುವುದು ಎಚ್61 ಬೋರ್ಡಿನ (ಇಂಟೆಲ್ ಚಿಪ್‌ಸೆಟ್ಟಿನ ಹಳೆ ಮದರ್‌ಬೋರ್ಡು), ಎರಡನೇ ತಲೆಮಾರಿನ ಐ3 ಪ್ರೊಸೆಸರಿನ ಪಿ.ಸಿ. ಮೊದಲು ಭಾವನ ಅಂಗಡಿಯಲ್ಲಿ ಬಿಲ್ಲಿಂಗಿಗೆ ಇತ್ತು. ತುಲಾ ತಿಂಗಳ ಸಿಡಿಲಿಗೆ ಲ್ಯಾನ್ ಪೋರ್ಟ್ (ಇಂಟರ್ನೆಟ್ ತಂತಿ ಸಿಕ್ಕಿಸುವ ಜಾಗ) ಸುಟ್ಟುಹೋಯಿತು. 2025ರ ಅಕ್ಟೋಬರಿಗೆ ವಿಂಡೋಸ್ 10ರ ಸಪೋರ್ಟ್ ನಿಂತಿತು, 11 ಇದಕ್ಕೆ ಆಗುವುದಿಲ್ಲ. ಹಾಗಾಗಿ ವಿಂಡೋಸಿನ ಬದಲು ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಲು ಹೊರಟೆ. ರಿಪೇರಿ ಅಂಗಡಿಯವರು "ಗುಜರಿಗೆ ಕೊಡಿ ಮಾರಾಯ್ರೇ, ಲಿನಕ್ಸ್ ಹಾಕಿದ್ರೆ ವೈಫೈಯೂ ಇಲ್ಲ, ಪ್ರಿಂಟರೂ ಇಲ್ಲ" ಅಂದರು. ಭಾವನೂ ತಲೆಯಾಡಿಸಿದ. ಈಗ ಎರಡೂ ನಡೆಯುತ್ತಿವೆ, ಖರ್ಚು ಸುಮಾರು 3000 ರೂಪಾಯಿ.

ಲಿನಕ್ಸಿನ ಒಂದು ಬಗೆಯಾದ ಮಿಂಟ್ ಹಾಕುವ ಕ್ರಮ ನಿಮಗೆಲ್ಲ ಗೊತ್ತಿದೆ, ಅದನ್ನು ಬಿಡುತ್ತೇನೆ. ನಾನು ಎಕ್ಸ್‌ಎಫ್‌ಸಿಇ ಅನ್ನುವ ಅದರ ಹಗುರದ ಆವೃತ್ತಿ ಹಾಕಿದೆ. ಹೊಸಬರು ಸೋಲುವುದು ಇನ್‌ಸ್ಟಾಲ್ ಮಾಡುವಾಗ ಅಲ್ಲ, ಸಾಮಾನು ತರುವಾಗ.

ಮೊದಲ ದುಡ್ಡು ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ ಎಸ್‌ಎಸ್‌ಡಿಗೆ. 240 ಜಿಬಿಯದ್ದು, 1500ರ ಆಸುಪಾಸು ಬಿತ್ತು. ಎಚ್61ರಲ್ಲಿ ಸಾಟಾ-2 (ಡಿಸ್ಕು ಜೋಡಿಸುವ ಹಳೆ, ನಿಧಾನದ ದಾರಿ) ಮಾತ್ರ ಇರುವುದು, ಎಸ್‌ಎಸ್‌ಡಿ ಹಾಕಿ ಏನು ಪ್ರಯೋಜನ ಅಂತ ಹೇಳಿದವರು ಇದ್ದರು. ಆದರೂ ಸೆಕೆಂಡಿಗೆ 260 ಎಂಬಿಯ ಹತ್ತಿರ ಬರುತ್ತದೆ, ಹಳೆ ಹಾರ್ಡ್ ಡಿಸ್ಕಿನಲ್ಲಿ 100 ದಾಟುತ್ತಿರಲಿಲ್ಲ. ಅದಕ್ಕಿಂತ ಮುಖ್ಯ, ಸಣ್ಣ ಸಣ್ಣ ಫೈಲು ಓದುವಾಗಿನ ತಿಣುಕಾಟ ಪೂರ್ತಿ ಹೋಯಿತು. ಸುಮ್ನೆ ಹೋಲಿಸಿ ನೋಡಲು ಹಳೆ ಡಿಸ್ಕಿಗೂ ಅದೇ ಮಿಂಟ್ ಹಾಕಿದ್ದೆ. ಬೂಟ್ ಆಗಲು ಒಂದೂವರೆ ನಿಮಿಷ ಬೇಕಾಯಿತು, ಎಸ್‌ಎಸ್‌ಡಿಯಲ್ಲಿ ಇಪ್ಪತ್ತು ಚಿಲ್ಲರೆ ಸೆಕೆಂಡು.

ರ‍್ಯಾಮಿನದ್ದು ದೊಡ್ಡ ಕಥೆ. ಆನ್‌ಲೈನಲ್ಲಿ 4 ಜಿಬಿಯ ಡಿಡಿಆರ್3 (ಈ ಬೋರ್ಡಿಗೆ ಬೇಕಾದ ಬಗೆ) ತುಂಬಾ ಕಡಿಮೆಗೆ ಕಂಡಿತು, ತರಿಸಿದೆ. ಹಾಕಿದರೆ ಬರೀ ಬೀಪ್ ಬೀಪ್. ಸ್ಲಾಟ್ ಬದಲಿಸಿದೆ, ಕಾಲುಗಳನ್ನು ರಬ್ಬರಿನಿಂದ ಉಜ್ಜಿದೆ, ಏನೂ ಇಲ್ಲ. ಆಮೇಲೆ ತಿಳಿಯಿತು, ಅದು ಎಎಂಡಿ ಬೋರ್ಡಿಗೆ ಮಾತ್ರ ಆಗುವ ಮಾಲು, ಇಂಟೆಲ್ ಬೋರ್ಡು ಅದನ್ನು ಒಪ್ಪುವುದಿಲ್ಲ. ಮಾರುವವರು ಅದನ್ನು ಎಲ್ಲೂ ಬರೆದಿರಲಿಲ್ಲ, ವಾಪಸ್ ಕಳಿಸುವ ಖರ್ಚೂ ನನ್ನ ತಲೆಗೇ ಬಂತು. ಕೊನೆಗೆ ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದು 500–600ಕ್ಕೆ ಸಿಕ್ಕಿತು. ಇದ್ದ 2 ಜಿಬಿಯ ಜೊತೆ ಸೇರಿ 6 ಆಯಿತು. ಅಷ್ಟು ಧಾರಾಳ.

ಲ್ಯಾನ್ ಪೋರ್ಟ್ ಸುಟ್ಟದ್ದಕ್ಕೆ ವೈಫೈಯೇ ಗತಿ. ಅದಕ್ಕೆ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಸಣ್ಣ ವೈಫೈ ಸಾಮಾನು) ತರುವಾಗ ಡಬ್ಬಿಯ ಮೇಲಿನ ಹೆಸರು ನೋಡಬೇಡಿ, ಒಳಗಿನ ಚಿಪ್ ನೋಡಿ. ಒಂದೇ ಹೆಸರಿನ ಡಾಂಗಲ್‌ನ ಒಳಗೆ ಒಂದು ವರ್ಷ ಒಂದು ಚಿಪ್, ಮರುವರ್ಷ ಇನ್ನೊಂದು. ಮೊದಲು ತಂದದ್ದಕ್ಕೆ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ನಾನೇ ಕಂಪೈಲ್ ಮಾಡಿ ಕೂರಿಸಿದರೆ ಕರ್ನಲ್ (ಲಿನಕ್ಸಿನ ತಿರುಳು) ಅಪ್‌ಡೇಟ್ ಆದ ಕೂಡಲೇ ವೈಫೈ ಮಂಗಮಾಯ. ಹೀಗೆ ಆಗುತ್ತಲೇ ಇತ್ತು. ಆಮೇಲೆ ಪೆನ್‌ಡ್ರೈವಿನಲ್ಲಿ ಲೈವ್ ಮಿಂಟ್ (ಇನ್‌ಸ್ಟಾಲ್ ಮಾಡದೆಯೇ ಓಡುವಂಥದ್ದು) ಹಿಡಿದುಕೊಂಡೇ ಅಂಗಡಿಗೆ ಹೋದೆ. ಅಲ್ಲಿನ ಲ್ಯಾಪ್‌ಟಾಪಿನಲ್ಲೇ ಬೂಟ್ ಮಾಡಿ, ಡಾಂಗಲ್ ಚುಚ್ಚಿ, ಎಲ್‌ಎಸ್‌ಯುಎಸ್‌ಬಿ ಅನ್ನುವ ಕಮಾಂಡ್ ಕೊಟ್ಟು (ಚುಚ್ಚಿದ ಸಾಮಾನು ಯಾವುದೆಂದು ಅದು ತೋರಿಸುತ್ತದೆ), ಲಿನಕ್ಸಿಗೆ ಸರಿಹೋಗುವ ಎಆರ್9271 ಚಿಪ್ ಅಂತ ಬಂದ ಮೇಲೆಯೇ ದುಡ್ಡು ಕೊಟ್ಟದ್ದು. ಅವತ್ತಿನಿಂದ ಅದನ್ನು ಮುಟ್ಟುವ ಕೆಲಸ ಬಂದಿಲ್ಲ.

ಬೋರ್ಡಿನಲ್ಲಿ ತಾರೀಕು-ಗಂಟೆ ಉಳಿಸುವ ಬಯಾಸ್ ಸೆಲ್ಲು ಸತ್ತಿತ್ತು, ಸಿಆರ್2032, 40 ರೂಪಾಯಿ. ಇದನ್ನು ಸಣ್ಣದು ಅನ್ನಬೇಡಿ. ತಾರೀಕು ಹಿಂದಕ್ಕೆ ಹೋಗಿ ಕೂತರೆ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ, ಅಪ್‌ಡೇಟೂ ಆಗುವುದಿಲ್ಲ, ಜನ ಲಿನಕ್ಸಿಗೆ ಬಯ್ಯುತ್ತಾರೆ.

ಪ್ರಿಂಟರ್ ಹೊಸದಾಗಿ ತರುವವರು ಎಚ್‌ಪಿ ನೋಡಿ, ಎಚ್‌ಪ್ಲಿಪ್ ಅನ್ನುವ ಅವರದ್ದೇ ಲಿನಕ್ಸ್ ಡ್ರೈವರ್ ಇರುವುದರಿಂದ ಸಲೀಸು. ನಮ್ಮಲ್ಲಿದ್ದದ್ದು ಬೇರೆ ಕಂಪೆನಿಯ ಹಳೆ ಲೇಸರ್. ಒಂದು ಪುಟ ಬಂದು ಎರಡನೆಯದಕ್ಕೆ ನಿಲ್ಲುತ್ತಿತ್ತು. ಅದನ್ನೂ ಓಡಿಸಿದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ತುಂಬಾ ನಿದ್ದೆಗೆಟ್ಟು ಗಳಿಸಿದ ವಿದ್ಯೆ ಅದು, ಬೇಕಾದವರು ಪ್ರಿಂಟರ್ ಹಿಡಿದುಕೊಂಡು ಮನೆಗೆ ಬನ್ನಿ.

ಮಗಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಇರುವುದೇ ಲಿನಕ್ಸ್ ಅಲ್ವಾ?

ಭಾವ ಈಗ ಇನ್ನೊಂದು ಪಿ.ಸಿ. ತಂದಿಟ್ಟಿದ್ದಾನೆ. ಡಿಡಿಆರ್3ಕ್ಕಿಂತಲೂ ಹಳೆಯ ಡಿಡಿಆರ್2 ರ‍್ಯಾಮಿನ ಬೋರ್ಡು. ಅದಕ್ಕೆ ರ‍್ಯಾಮ್ ಹುಡುಕುವ ದುಡ್ಡಿಗೆ ಇನ್ನೊಂದು ಹಳೆ ಎಚ್61 ಬೋರ್ಡೇ ಬಂದೀತು, ಅದನ್ನೇ ಹುಡುಕುತ್ತಿದ್ದೇನೆ.