ಮೂರು ಟನ್ ಕಂಬಿಯ ಲೆಕ್ಕ: ಕ್ವಾಂಟಿಟಿ ಸರ್ವೇಯಿಂಗ್ ಇಂಟರ್ನ್‌ಶಿಪ್ಪಿನ ನನ್ನ ಅನುಭವ

ತುಮಕೂರಿನ ಹೊರವಲಯದಲ್ಲಿ ಕಟ್ಟುತ್ತಿದ್ದ ಒಂದು ಹಾಸ್ಟೆಲ್ ಕಟ್ಟಡದ ಸೈಟಿನಲ್ಲಿ, ಗುತ್ತಿಗೆದಾರರ ಬಿಲ್ಲಿಂಗ್ ವಿಭಾಗಕ್ಕೆ, ಅಂದರೆ ಆದ ಕೆಲಸವನ್ನು ಅಳೆದು ಬಿಲ್ ಮಾಡುವ ಕ್ವಾಂಟಿಟಿ ಸರ್ವೇಯಿಂಗ್ ಕೆಲಸಕ್ಕೆ, ಸಹಾಯಕನಾಗಿ, ನಾನು ಸಿವಿಲ್ ಬಿ.ಇ. ಎಂಟನೇ ಸೆಮಿಸ್ಟರಿನ ಇಂಟರ್ನ್‌ಶಿಪ್ ಮುಗಿಸಿದೆ. ನಾನು ಹೋಗುವಷ್ಟರಲ್ಲಿ ತಳಪಾಯವೂ ನೆಲಮಹಡಿಯ ಸ್ಲ್ಯಾಬೂ ಮುಗಿದಿದ್ದವು. ಮೇಲೆ ಇನ್ನೂ ಮೂರು ಮಹಡಿಗಳು ಬಾಕಿ ಇದ್ದವು. ಒಂದೊಂದು ಮಹಡಿ ಸುಮಾರು 5,600 ಚದರ ಅಡಿ, ಮಹಡಿಗೆ 20 ಟನ್ ಆಸುಪಾಸು ಕಂಬಿ. ತಿಂಗಳಿಗೆ 6,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದ್ದರು. ಕೋಣೆಯ ಬಾಡಿಗೆ ಮತ್ತು ಊಟದ ಖರ್ಚು ಕಳೆದರೆ ಊರಿಗೆ ಹೋಗಿಬರುವ ಬಸ್ ಚಾರ್ಜಿನಷ್ಟು ಉಳಿಯುತ್ತಿತ್ತು. ಕೈಬರಹದ ಪುಸ್ತಕವೊಂದನ್ನು ಇಟ್ಟು ಕಂಬಿಯ ಲೆಕ್ಕವನ್ನು ಹೊಂದಿಸುತ್ತೇನೆಂದು ನಾನು ಹೇಳಿದಾಗ ಬಿಲ್ಲಿಂಗ್ ಇಂಜಿನಿಯರರಾಗಲಿ, ಕಂಬಿ ಕತ್ತರಿಸಿ ಬಾಗಿಸಿ ಕಟ್ಟಿಸುವ ಬಾರ್ ಬೆಂಡಿಂಗ್ ಮೇಸ್ತ್ರಿಯಾಗಲಿ, ಕಾಲೇಜಿನ ಗೈಡ್ ಆಗಲಿ ನಂಬಲಿಲ್ಲ. ಮೂರನೇ ಮಹಡಿಯ ಹೊತ್ತಿಗೆ ಲೆಕ್ಕ ಹೊಂದಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದ ವಾರ ಗುತ್ತಿಗೆದಾರರ ಮುಂದಿದ್ದ ಲೆಕ್ಕ ಹೀಗಿತ್ತು: ಅಲ್ಲಿಯವರೆಗೆ ಕೊಂಡ ಕಂಬಿ 46 ಟನ್, ಯಾರ್ಡಿನಲ್ಲಿ ಉಳಿದದ್ದು 4 ಟನ್, ಆರ್.ಎ. ಬಿಲ್ಲುಗಳಲ್ಲಿ (ಕೆಲಸ ನಡೆಯುತ್ತಿರುವಾಗಲೇ ಆದಷ್ಟಕ್ಕೆ ಮಾಲೀಕರಿಗೆ ಕೊಡುವ ರನ್ನಿಂಗ್ ಬಿಲ್ಲುಗಳು) ಪಾಸಾದದ್ದು 39 ಟನ್. ನಡುವಿನ 3 ಟನ್ ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಕೆ.ಜಿ.ಗೆ 60 ರೂಪಾಯಿಯಂತೆ ಹಿಡಿದರೂ ಅದು 1.8 ಲಕ್ಷ. ರಾತ್ರಿ ಕಾವಲಿನವರ ಮೇಲೆ ಅನುಮಾನ ಬಂದು, ಅವರನ್ನು ತಿಂಗಳ ಕೊನೆಗೆ ಬಿಡಿಸುವ ಮಾತು ನಡೆದಿತ್ತು. ಹೆಂಡತಿ ಮಕ್ಕಳೊಂದಿಗೆ ಸೈಟಿನ ಶೆಡ್ಡಿನಲ್ಲಿಯೇ ಇದ್ದ ಮನುಷ್ಯ ಅವರು. ಲೆಕ್ಕ ನೋಡದೆ ಅವರನ್ನು ಕಳುಹಿಸುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸಿತು. ಹದಿನೈದು ದಿನ ಕೊಡಿ ಎಂದು ಕೇಳಿಕೊಂಡೆ.

ಆ ಹದಿನೈದರಲ್ಲಿ ಹತ್ತು ದಿನಗಳನ್ನು ನಾನು ವ್ಯರ್ಥ ಮಾಡಿದೆ. ನಕ್ಷೆಗಳನ್ನು ಹರಡಿಕೊಂಡು ಎಲ್ಲ ಬಿ.ಬಿ.ಎಸ್.ಗಳನ್ನು (ಯಾವ ಕಂಬಿ ಎಷ್ಟು ಉದ್ದ, ಎಷ್ಟು ಬೇಕೆಂಬ ಪಟ್ಟಿಗಳು) ಎಕ್ಸೆಲ್ಲಿನಲ್ಲಿ ಹೊಸದಾಗಿ ಮಾಡಿದಾಗ ಬಂದದ್ದು 39.2 ಟನ್, ಬಿಲ್ಲಿನಲ್ಲಿದ್ದದ್ದೂ ಹೆಚ್ಚುಕಡಿಮೆ ಅದೇ. ನಕ್ಷೆಯಿಂದ ಎಷ್ಟು ಬಾರಿ ಲೆಕ್ಕ ಹಾಕಿದರೂ ನಕ್ಷೆಯಲ್ಲಿ ಇದ್ದದ್ದೇ ಬರುತ್ತದೆಯೇ ಹೊರತು ಕಟಿಂಗ್ ಬೆಂಚಿನ ಮೇಲೆ ಏನು ನಡೆಯುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲವೆಂದು ಅರ್ಥವಾದದ್ದು ಆಗಲೇ. ಹನ್ನೊಂದನೇ ದಿನ ಲ್ಯಾಪ್‌ಟಾಪನ್ನು ಕೋಣೆಯಲ್ಲಿಟ್ಟು, 200 ಪುಟದ ಒಂದು ರೂಲ್ಡ್ ಪುಸ್ತಕವನ್ನು ಕೊಂಡು ಯಾರ್ಡಿಗೆ ಹೋದೆ.

ಮೊದಲು ತೂಕ. ನಾವು ಕಂಬಿಯನ್ನು ಕೊಳ್ಳುವುದು ವೇ ಬ್ರಿಡ್ಜಿನ ತೂಕಕ್ಕೆ, ಬಿಲ್ ಮಾಡುವುದು ಉದ್ದವನ್ನು ಮೀಟರಿನ ಸ್ಟ್ಯಾಂಡರ್ಡ್ ತೂಕದಿಂದ ಗುಣಿಸಿ. ಕಂಬಿ ಭಾರವಾಗಿ ಬಂದರೆ ಆ ಹೆಚ್ಚುವರಿಯ ಹಣವನ್ನು ಯಾರೂ ಕೊಡುವುದಿಲ್ಲ. 8 ಮಿ.ಮೀ.ನ 12 ಮೀಟರ್ ಕಂಬಿ 4.74 ಕೆ.ಜಿ. ಇರಬೇಕು. ಬೇರೆ ಬೇರೆ ಕಟ್ಟುಗಳಿಂದ ಹತ್ತು ಕಂಬಿಗಳನ್ನು ಆರಿಸಿ, ಪಕ್ಕದ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ 47.4 ಕೆ.ಜಿ. ಬರಬೇಕಾದಲ್ಲಿ 49 ಬಂತು. ಭಾರತೀಯ ಮಾನಕವಾದ ಐ.ಎಸ್. 1786ರ ಪ್ರಕಾರ 10 ಮಿ.ಮೀ.ವರೆಗಿನ ಕಂಬಿಗೆ ಶೇ. 7ರಷ್ಟು ಹೆಚ್ಚುಕಡಿಮೆ ಇರಲು ಅವಕಾಶವಿರುವುದರಿಂದ ಕಾರ್ಖಾನೆಯದೇನೂ ತಪ್ಪಿರಲಿಲ್ಲ. ಆದರೆ ಆಗಲೇ 13 ಟನ್ 8 ಮಿ.ಮೀ. ಖರ್ಚಾಗಿತ್ತು, ಅದರಲ್ಲಿ 430 ಕೆ.ಜಿ.ಯಷ್ಟು ಹೀಗೆಯೇ ಬಿಲ್ಲಿನಿಂದ ಹೊರಗುಳಿದಿತ್ತು. 16 ಮಿ.ಮೀ. ಮಾತ್ರ ಸ್ವಲ್ಪ ಹಗುರವಾಗಿ ಬಂದಿತ್ತು, ಕಂಬಿಯೊಂದಕ್ಕೆ 18.6 ಕೆ.ಜಿ. ಇರಬಹುದು. ಆ ಲಾಭ ಸಣ್ಣದಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡನೆಯದು ರಿಂಗು, ಅಂದರೆ ಬೀಮು ಕಾಲಂಗಳ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿಯ ಚೌಕಟ್ಟು. ನಮ್ಮ ಬೀಮುಗಳಲ್ಲಿ ಬಹುಪಾಲು 230×450 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟಿನ ಪದರ) ಕಳೆದರೆ ರಿಂಗಿನ ಹೊರ ಅಳತೆ 180×400. ರಿಂಗಿನ ತುದಿಗಳನ್ನು ಬಾಗಿಸಿದ ಹುಕ್ಕಿಗೆ ಕಂಬಿಯ ವ್ಯಾಸದ ಹತ್ತು ಪಟ್ಟು ಹಿಡಿದು, ಬಾಗುವಲ್ಲಿ ಕಂಬಿ ಹಿಗ್ಗುವಷ್ಟನ್ನು ಕಳೆದರೆ ಕತ್ತರಿಸುವ ಉದ್ದ 1,224 ಮಿ.ಮೀ.; ಬಿಲ್ಲಿನಲ್ಲಿಯೂ ಇದೇ ಇತ್ತು. ಮೇಸ್ತ್ರಿ ಕತ್ತರಿಸುತ್ತಿದ್ದದ್ದು 4 ಅಡಿ 4 ಇಂಚು, ಅಂದರೆ 1,320. ಬಾಗನ್ನು ಕಳೆಯದೆ ಹಾಕಿದ ಲೆಕ್ಕ ಅದು, ಎಷ್ಟೋ ವರ್ಷಗಳಿಂದ ಅವರ ಕೈಗೆ ಕೂತಿದ್ದ ಅಳತೆ. ರಿಂಗಿಗೆ 96 ಮಿ.ಮೀ.ನಂತೆ ನಾಲ್ಕು ಸಾವಿರ ರಿಂಗುಗಳಿಗೆ 150 ಕೆ.ಜಿ. ಹೋಗಿತ್ತು.

ಸ್ಟೋರಿನಲ್ಲಿದ್ದ ಗುಜರಿ ಚೀಟಿಗಳನ್ನು ಕೂಡಿದಾಗ ಕತ್ತರಿಸಿ ಉಳಿದು ಮಾರಿದ ತುಂಡು 1.3 ಟನ್ ಸಿಕ್ಕಿತು. ಈ ಚೀಟಿಗಳನ್ನು ಯಾರೂ ಖರೀದಿಯ ಲೆಕ್ಕದ ಎದುರಿಗೆ ಇಟ್ಟು ನೋಡಿರಲಿಲ್ಲ. ಫುಟಿಂಗಿಗೂ ಸ್ಲ್ಯಾಬಿಗೂ ಇಟ್ಟ ಚೇರುಗಳು (ಮೇಲಿನ ಕಂಬಿ ಕೆಳಗಿಳಿಯದಂತೆ ಆಸರೆಗಿಡುವ ಬಾಗಿಸಿದ ಕಂಬಿಗಳು) ಸುಮಾರು 450 ಕೆ.ಜಿ.; ಅವು ಬಿಲ್ಲಿಗೇ ಬಂದಿರಲಿಲ್ಲ. ಎಲ್ಲ ಸೇರಿ 2.3 ಟನ್ನಿಗೆ ಲೆಕ್ಕ ಸಿಕ್ಕಿತು. ಉಳಿದ 670 ಕೆ.ಜಿ.ಯಲ್ಲಿ ಬಹುಪಾಲು ಕಾಲಂಗಳ ಲ್ಯಾಪಿನಲ್ಲಿ (ಕಂಬಿಯ ಮೇಲೆ ಕಂಬಿ ಸೇರಿಸಿ ಕಟ್ಟುವ ಜಾಗ) ಹೋಗಿರಬೇಕೆಂದು ನನ್ನ ಅಂದಾಜು. ಕಾಂಕ್ರೀಟಿನೊಳಗೆ ಸೇರಿದ್ದನ್ನು ಅಳೆಯುವ ದಾರಿ ಇರಲಿಲ್ಲ. ಕಾವಲಿನವರ ಕೆಲಸ ಉಳಿಯಿತು. ಇಡೀ ಇಂಟರ್ನ್‌ಶಿಪ್ಪಿನಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ಅದೇ.

ಇಲ್ಲಿಯವರೆಗಿನದು ಹಳೆಯ ಲೆಕ್ಕ. ಮುಂದಿನ ಮಹಡಿಯಲ್ಲಿ ಈ ನಷ್ಟವಾಗದಂತೆ ಮಾಡುತ್ತೇನೆಂದು ಹೊರಟಾಗ ನಿಜವಾದ ಕಷ್ಟ ಶುರುವಾಯಿತು. ಪ್ರತಿ ದಿನ ಬೆಳಿಗ್ಗೆ ಕತ್ತರಿಸಬೇಕಾದ ತುಂಡುಗಳ ಚೀಟಿಯನ್ನು ಕೊಡುವುದು, ಸಂಜೆ ಕತ್ತರಿಸಿದ್ದನ್ನೂ ಉಳಿದ ತುಂಡನ್ನೂ ಅಳೆದು ಪುಸ್ತಕಕ್ಕೆ ಬರೆಯುವುದು ನನ್ನ ಯೋಜನೆ. ಸಾಫ್ಟ್‌ವೇರೇ ಮಾಡುವ ಕೆಲಸಕ್ಕೆ ಪುಸ್ತಕವೇಕೆ ಎಂದು ಬಿಲ್ಲಿಂಗ್ ಇಂಜಿನಿಯರ್ ಕೇಳಿದರು. ರಾಯಚೂರಿನ ಕಡೆಯ ಮೇಸ್ತ್ರಿ, ನನ್ನ ತಂದೆಯ ವಯಸ್ಸಿನವರು, ನೇರವಾಗಿಯೇ ಹೇಳಿದರು: "ತಮ್ಮಾ, ನಿನ್ನ ಚೀಟಿ ನೋಡ್ಕೋತ ಕಡಿದ್ರ ನಮ್ಮ ಹುಡುಗ್ರು ದಿನಕ್ಕ ಅರ್ಧ ಟನ್ನೂ ಮಾಡಂಗಿಲ್ಲ."

ಮೊದಲನೇ ಮಹಡಿಯಲ್ಲಿ ಅವರ ಮಾತೇ ನಿಜವಾಯಿತು. ನಾನು ಚೀಟಿಗಳನ್ನು ನಕ್ಷೆಯ ಕ್ರಮದಲ್ಲಿ, ಬೀಮಿನ ನಂಬರಿನ ಪ್ರಕಾರ, ಮಿಲಿಮೀಟರಿನಲ್ಲಿ ಬರೆದಿದ್ದೆ. ಒಂದೇ ಹೊತ್ತಿಗೆ ಏಳೆಂಟು ಉದ್ದಗಳನ್ನು ಕತ್ತರಿಸಬೇಕಾಗಿ ಬಂದು ತುಂಡುಗಳು ಕಲಸಿಹೋದವು. ಕಾಲಂ ರಿಂಗುಗಳಲ್ಲಿ ಮುನ್ನೂರಕ್ಕೂ ಹೆಚ್ಚು ತಪ್ಪಾದವು. ಎರಡು ದಿನ ಕೆಲಸ ನಿಂತಿತು. ನಿಂತ ದಿನಗಳ ಕೂಲಿಯೆಂದು ಮೇಸ್ತ್ರಿ ಕೇಳಿದ 14,000 ರೂಪಾಯಿಯನ್ನು ಗುತ್ತಿಗೆದಾರರು ನನ್ನ ಎದುರಿಗೇ ಎಣಿಸಿಕೊಟ್ಟರು. ಆ ಮಹಡಿಯಲ್ಲಿ ವ್ಯರ್ಥವಾದ ತುಂಡು ಶೇ. 6ಕ್ಕಿಂತ ಕೆಳಗಿಳಿಯಲಿಲ್ಲ. ಪುಸ್ತಕ ಬಿಟ್ಟುಬಿಡು, ವರದಿಗೆ ಬೇಕಾದ ರೇಟ್ ಅನಾಲಿಸಿಸ್ (ಕೆಲಸದ ದರದ ಲೆಕ್ಕ) ಮಾಡಿಕೊಂಡು ಹೋಗು ಎಂದು ಗೈಡ್ ಫೋನಿನಲ್ಲಿ ಹೇಳಿದರು.

ನಾನು ಬಿಡಲಿಲ್ಲ. ಎರಡನೇ ಮಹಡಿಗೆ ಮೂರು ಬದಲಾವಣೆ ಮಾಡಿದೆ. ಚೀಟಿಯನ್ನು ಬೀಮಿನ ಪ್ರಕಾರ ಬರೆಯುವುದನ್ನು ಬಿಟ್ಟು 12 ಮೀಟರ್ ಕಂಬಿಯ ಪ್ರಕಾರ ಬರೆದೆ. ಈ ಕಂಬಿಯಿಂದ ಯಾವ ಯಾವ ತುಂಡು ಬರುತ್ತದೆ, ಕೊನೆಗೆ ಎಷ್ಟು ಉಳಿಯುತ್ತದೆ, ಆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಒಂದೇ ಸಾಲಿನಲ್ಲಿ ಇರುವಂತೆ. ಅಳತೆಯನ್ನು ಅಡಿ ಇಂಚಿನಲ್ಲಿಯೂ ಬರೆದು, ಕಟಿಂಗ್ ಬೆಂಚಿನ ಹಲಗೆಗೆ ಆ ದಿನದ ಉದ್ದಗಳಿಗೆ ಮೊಳೆ ಹೊಡೆಸಿದೆ. ಹುಡುಗರು ಟೇಪು ಹಿಡಿಯುವ ಅಗತ್ಯವೇ ಇರಲಿಲ್ಲ. ಉಳಿಕೆ ತುಂಡುಗಳ ತುದಿಗೆ ಬಣ್ಣ ಹಚ್ಚಿ ಬೇರೆ ಬೇರೆ ಗುಂಪು ಹಾಕಿಸಿದೆ. ಉದ್ದಗಳನ್ನು ಜೋಡಿಸುವಾಗ ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ನಾನು ಕಂಡುಕೊಂಡ ಒಂದು ಕ್ರಮವಿದೆ. ನನಗೆ ಕೆಲಸ ಕೊಡಿಸಿದ್ದೇ ಆ ಕ್ರಮವಾದ್ದರಿಂದ ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಒಂದು ಮಹಡಿಯ ತುಂಡುಗಳನ್ನು ಕೈಯಾರೆ ಅಳೆದವರಿಗೆ ಅದು ತಾನಾಗಿ ಹೊಳೆಯುತ್ತದೆ.

ರಿಂಗಿನ ವಿಷಯವನ್ನು ಮಾತ್ರ ಪೂರ್ತಿ ಹೇಳುತ್ತೇನೆ. 4 ಅಡಿ 4 ಇಂಚಿಗೆ ಕತ್ತರಿಸಿದರೆ ಕಂಬಿಗೆ ಒಂಬತ್ತು ರಿಂಗು. 1,224ಕ್ಕೆ ಕತ್ತರಿಸಿದರೂ ಒಂಬತ್ತೇ. ಉಳಿಯುವ ತುಂಡು ಸುಮಾರು ಒಂದು ಮೀಟರ್, ಅದಕ್ಕೆ ಬೇರೆ ಕಡೆ ಬಳಕೆ ಹುಡುಕಬೇಕು. ನಕ್ಷೆಯ ಟಿಪ್ಪಣಿಯಲ್ಲಿದ್ದ ಹತ್ತು ಪಟ್ಟು ವ್ಯಾಸದ ಹುಕ್ಕು ಹಳೆಯ ಪದ್ಧತಿಯದು, 2016ರ ಐ.ಎಸ್. 13920ರಲ್ಲಿ ಅದು ಆರು ಪಟ್ಟು, ಆದರೆ 65 ಮಿ.ಮೀ.ಗಿಂತ ಕಡಿಮೆಯಿಲ್ಲದಂತೆ, ಎಂದಿದೆ. ಸ್ಟ್ರಕ್ಚರಲ್ ಡಿಸೈನರರಿಗೆ ಬರೆದು ಕೇಳಿದೆ. ಅವರು 65ಕ್ಕೆ ಲಿಖಿತ ಒಪ್ಪಿಗೆ ಕೊಟ್ಟರು. ಆಗ ಉದ್ದ 1,194, ಅಂದರೆ ಸರಿಯಾಗಿ 3 ಅಡಿ 11 ಇಂಚು. ಕಂಬಿಗೆ ಹತ್ತು ರಿಂಗು, ಉಳಿಕೆ ಎರಡೂವರೆ ಇಂಚೂ ಇಲ್ಲ. ಮಹಡಿಗೆ 2,600 ರಿಂಗುಗಳಿಗೆ 289 ಕಂಬಿ ಬೇಕಾಗಿದ್ದಲ್ಲಿ 260 ಸಾಕಾದವು. ಬರಿ ಇದರಿಂದಲೇ 137 ಕೆ.ಜಿ., ಸುಮಾರು 8,000 ರೂಪಾಯಿ. ಡಿಸೈನರರ ಒಪ್ಪಿಗೆಯಿಲ್ಲದೆ ಇದನ್ನು ಯಾರೂ ಮಾಡಬಾರದು; ಕೆಲಸಗಾರರಿಗೆ ಹೇಳಿ ಹುಕ್ಕು ಗಿಡ್ಡ ಮಾಡಿಸುವುದು ಉಳಿತಾಯವಲ್ಲ, ಅಪರಾಧ.

ಇಷ್ಟಾದರೂ ಮೇಸ್ತ್ರಿಯ ಮನಸ್ಸು ಒಪ್ಪದಿರಲು ಒಂದು ನ್ಯಾಯವಾದ ಕಾರಣವಿತ್ತು. ಅವರಿಗೆ ಕೂಲಿ ಸಿಗುತ್ತಿದ್ದದ್ದು ಸ್ಟೋರಿನಿಂದ ಹೊರಟ ತೂಕಕ್ಕೆ, ಟನ್ನಿಗೆ 10,000ದಂತೆ. ತುಂಡು ಕಡಿಮೆಯಾದಷ್ಟೂ ಅವರ ಕೂಲಿ ಕಡಿಮೆಯಾಗುತ್ತಿತ್ತು. ಕಟ್ಟಿದ ಕಂಬಿಯ ತೂಕಕ್ಕೆ, ಅಂದರೆ ಬಿ.ಬಿ.ಎಸ್. ತೂಕಕ್ಕೆ, ಟನ್ನಿಗೆ 10,800 ಕೊಡಿ ಎಂದು ಗುತ್ತಿಗೆದಾರರಲ್ಲಿ ಕೇಳಿದೆ. 21 ಟನ್ ಹೊರಟಾಗ ಸಿಗುತ್ತಿದ್ದ 2.1 ಲಕ್ಷವೇ 19.5 ಟನ್ ಕಟ್ಟಿದರೂ ಸಿಗುತ್ತದೆಂದು ಮೇಸ್ತ್ರಿಯ ಮುಂದೆ ಕೂತು ಲೆಕ್ಕ ತೋರಿಸಿದೆ. ಮರುದಿನದಿಂದ ಬೆಳಿಗ್ಗೆ ಏಳೂವರೆಗೆ ಅವರೇ ಫೋನ್ ಮಾಡಿ ಚೀಟಿ ಕೇಳತೊಡಗಿದರು. ನನ್ನ ಜೋಡಣೆಗಿಂತ ಈ ಒಂದು ಬದಲಾವಣೆಯೇ ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಕೊಳ್ಳುತ್ತೇನೆ.

ಚೇರುಗಳ ಪಾಠ ಬೇರೆ. ನಮ್ಮ ಕರಾರಿನಲ್ಲಿ ಅನುಮೋದಿತ ಲ್ಯಾಪ್ ಮತ್ತು ಚೇರುಗಳಿಗೆ ಅಳತೆ, ಅಂದರೆ ಅಳೆದು ಹಣ ಕೊಡುವುದು, ಇತ್ತು. ಬೈಂಡಿಂಗ್ ವೈರಿಗೂ ವೇಸ್ಟೇಜಿಗೂ ಇರಲಿಲ್ಲ. ಆದರೂ ಹಳೆಯ ಚೇರುಗಳನ್ನು ಕೇಳಿದಾಗ ಮಾಲೀಕರ ಕಡೆಯ ಇಂಜಿನಿಯರ್, ಕಣ್ಣಿಗೆ ಕಾಣದ್ದನ್ನು ಪಾಸು ಮಾಡಲಾರೆನೆಂದರು. ಅವರದು ಸರಿಯಾದ ಮಾತೇ. ಅಲ್ಲಿಂದ ಮುಂದೆ ಕಾಂಕ್ರೀಟಿನ ಹಿಂದಿನ ಸಂಜೆ ಅವರನ್ನು ಸ್ಲ್ಯಾಬಿನ ಮೇಲೆ ಕರೆದು, ಚೇರುಗಳನ್ನು ಜೊತೆಯಲ್ಲಿ ಎಣಿಸಿ, ಟೇಪು ಹಿಡಿದ ಫೋಟೋ ತೆಗೆದು, ಎಂ.ಬಿ.ಯಲ್ಲಿ (ಅಳತೆ ಪುಸ್ತಕದಲ್ಲಿ) ಅಲ್ಲೇ ಸಹಿ ಮಾಡಿಸುತ್ತಿದ್ದೆ. ಮಹಡಿಗೆ 350 ಕೆ.ಜಿ., ನಮ್ಮ ದರದಲ್ಲಿ 27,000 ರೂಪಾಯಿಯಷ್ಟು, ಒಂದು ಪೈಸೆ ಕಡಿತವಿಲ್ಲದೆ ಪಾಸಾಯಿತು.

ಈ ನಡುವೆ ಗಿಲಾವಿನ ಬಿಲ್ಲಿನಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ನೆಲಮಹಡಿಯ ಕಿಟಕಿಗಳು 1.2×1.2, ಅಂದರೆ 1.44 ಚದರ ಮೀಟರ್, ಐ.ಎಸ್. 1200ರ 12ನೇ ಭಾಗದಂತೆ ಅರ್ಧದಿಂದ 3 ಚದರ ಮೀಟರ್‌ವರೆಗಿನ ತೆರಪಿಗೆ ಗೋಡೆಯ ಒಂದೇ ಮುಖದಲ್ಲಿ ಕಳೆಯಬೇಕು. ನಾನು ಎರಡೂ ಮುಖಗಳಲ್ಲಿ ಕಳೆದಿದ್ದೆ. ನಲವತ್ತು ಕಿಟಕಿಗಳಿಗೆ 58 ಚದರ ಮೀಟರ್, 17,000 ರೂಪಾಯಿ ಬಿಟ್ಟುಹೋಗಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನಿಯಮವೇ ಕೈಗೆ ಬರಲಿಲ್ಲ. ರನ್ನಿಂಗ್ ಬಿಲ್ ಆಗಿದ್ದರಿಂದ ಮುಂದಿನದರಲ್ಲಿ ಸರಿಪಡಿಸಲು ಸಾಧ್ಯವಾಯಿತು. ಫೈನಲ್ ಬಿಲ್ ಆಗಿದ್ದರೆ ಅಷ್ಟು ಸುಲಭವಿರಲಿಲ್ಲ.

ಎಂ ಸ್ಯಾಂಡಿನ ಮೇಲೂ ಒಂದು ಪ್ರಯೋಗ ಮಾಡಿದೆ. ಟನ್ನಿನ ಲೆಕ್ಕದಲ್ಲಿ ಬರುವ ಮರಳಿನಿಂದ ನೀರು ಸೋರುತ್ತಿರುವುದನ್ನು ಕಂಡು, ಒಂದು ಕೆ.ಜಿ. ತೂಗಿ ಶೆಡ್ಡಿನ ಹೆಂಚಿನ ಮೇಲೆ ಹುರಿದಾಗ 930 ಗ್ರಾಂ ಉಳಿಯಿತು. ಟನ್ನಿಗೆ 70 ಕೆ.ಜಿ. ನೀರಿಗೆ ನಾವು ಹಣ ಕೊಡುತ್ತಿದ್ದೆವು. ಸರಬರಾಜುದಾರರು ದರ ಇಳಿಸಲಿಲ್ಲ, ತೊಳೆದ ದಿನವೇ ತುಂಬದೆ ಒಂದು ದಿನ ಬಿಟ್ಟು ಕಳುಹಿಸಲು ಮಾತ್ರ ಒಪ್ಪಿದರು. ಅದರಿಂದ ಎಷ್ಟು ಉಳಿಯಿತೆಂದು ಪೂರ್ತಿ ಅಳೆಯುವಷ್ಟರಲ್ಲಿ ನನ್ನ ಅವಧಿ ಮುಗಿಯಿತು.

ಎರಡನೇ ಮಹಡಿಯ ತುಂಡು 560 ಕೆ.ಜಿ.ಗೆ, ಮೂರನೆಯದು ಹೆಚ್ಚುಕಡಿಮೆ 480ಕ್ಕೆ ಇಳಿಯಿತು. ಮಹಡಿಗೆ 20 ಟನ್ನಿನಲ್ಲಿ ಇದು ಶೇ. 3ರ ಒಳಗೆ. ತುಂಡಿಗೆ ಗುಜರಿಯಲ್ಲಿ 32 ರೂಪಾಯಿ ಸಿಗುವುದನ್ನು ಕಳೆದು ನೋಡಿದರೆ ತುಂಡಿನ ಉಳಿತಾಯ ಮಹಡಿಗೆ 20,000ದ ಆಸುಪಾಸು. ಚೇರುಗಳ ಹಣ ಬೇರೆ. ಮೂರನೇ ಮಹಡಿ ಮುಗಿದ ದಿನ ಖರೀದಿ, ಸ್ಟಾಕು, ಬಿಲ್ಲು, ಗುಜರಿ, ಭಾರದ ಹೆಚ್ಚುವರಿ ಎಲ್ಲವನ್ನೂ ಎದುರುಬದುರು ಇಟ್ಟಾಗ ವ್ಯತ್ಯಾಸ ಉಳಿದದ್ದು ಬರೀ 90 ಕೆ.ಜಿ. ಬಿಲ್ಲಿಂಗ್ ಇಂಜಿನಿಯರ್ ತಮ್ಮ ಶೀಟಿನಿಂದ ಎರಡು ಬಾರಿ ತಾಳೆ ನೋಡಿ, ನನ್ನ ಪುಸ್ತಕವನ್ನು ಎಂ.ಬಿ.ಗಳ ಜೊತೆ ಬೀರುವಿನಲ್ಲಿ ಇಟ್ಟುಕೊಂಡರು. ನನ್ನ ಬಳಿ ಇರುವುದು ಜೆರಾಕ್ಸ್. ಕೊನೆಯ ತಿಂಗಳ ಸ್ಟೈಪೆಂಡ್ 9,000 ಬಂತು, ಮುಂದಿನ ಸೈಟಿಗೆ ಕೆಲಸದ ಪತ್ರವೂ ಬಂತು. ಕಾಲೇಜಿನ ವರದಿಯಲ್ಲಿ ತಳಪಾಯ ಮತ್ತು ನೆಲಮಹಡಿಯ ಆ 670 ಕೆ.ಜಿ.ಯನ್ನು ಯಾವ ತಲೆಬರಹದಡಿಯೂ ಸೇರಿಸದೆ, ಲೆಕ್ಕಕ್ಕೆ ಸಿಗದ್ದು ಎಂದೇ ಪ್ರತ್ಯೇಕ ಸಾಲಿನಲ್ಲಿ ಬರೆದಿದ್ದೇನೆ.