ಗಡಿಯಾಚೆಯ ಹಳೇ ಕೊಲೆ ಕೇಸು: ಕಮೆಂಟು ಹಾಕುವ ಬದಲು ಸುಳಿವು ಕೊಡುವ ಬಗೆ

ಬೆಲ್ಜಿಯಂನ ಆಂಟ್‌ವರ್ಪ್ ಊರಿನ ಗ್ರೋಟ್ ಸ್ಕೈನ್ ನದಿಯಲ್ಲಿ 1992ರ ಜೂನ್ 3ರಂದು ಒಬ್ಬ ಹೆಂಗಸಿನ ಶವ ಸಿಕ್ಕಿತು. ಕೊಲೆಯಾಗಿತ್ತು. ಎಡ ಮುಂದೋಳಿನ ಮೇಲೆ ಹಚ್ಚೆ: ಹಸಿರು ಎಲೆಗಳ ಕಪ್ಪು ಹೂವು, ಅದರ ಕೆಳಗೆ ‘ಆರ್‌ನಿಕ್’ ಎಂಬ ಅಕ್ಷರ. ಇಷ್ಟು ಸ್ಪಷ್ಟ ಗುರುತಿದ್ದೂ ಆಕೆ ಯಾರೆಂದು ತಿಳಿಯಲು 31 ವರ್ಷ ಹಿಡಿಯಿತು. 2023ರಲ್ಲಿ ಬ್ರಿಟನ್‌ನಲ್ಲಿದ್ದ ಬಂಧುವೊಬ್ಬರು ಬಿಬಿಸಿ ಸುದ್ದಿಯಲ್ಲಿ ಆ ಹಚ್ಚೆಯನ್ನು ಕಂಡು ಗುರುತು ಹಿಡಿದರು. ಮನೆಯವರಿಗೆ ಆಕೆಯಿಂದ ಕೊನೆಯದಾಗಿ ಬಂದಿದ್ದು 1992ರ ಮೇ ತಿಂಗಳ ಒಂದು ಪೋಸ್ಟ್‌ಕಾರ್ಡ್.

ಆ ಸುದ್ದಿ ಹೊರಬಿದ್ದದ್ದು ಇಂಟರ್‌ಪೋಲ್ 2023ರ ಮೇ 10ರಂದು ಶುರು ಮಾಡಿದ ‘ಐಡೆಂಟಿಫೈ ಮಿ’ ಅಭಿಯಾನದಿಂದ. ಬೆಲ್ಜಿಯಂ, ಜರ್ಮನಿ, ನೆದರ್‌ಲ್ಯಾಂಡ್ಸ್ ಪೊಲೀಸರು ಸೇರಿ ಗುರುತು ಸಿಗದ 22 ಮಹಿಳೆಯರ ವಿವರವನ್ನು ಜನರ ಮುಂದಿಟ್ಟರು. ಅವುಗಳಲ್ಲಿ ಅತಿ ಹಳೆಯದು 1976ರದು, ಇತ್ತೀಚಿನದು 2019ರದು. ಅನಾಮಧೇಯ ಶವಗಳಿಗಾಗಿ ಹೊರಡಿಸುವ ಬ್ಲ್ಯಾಕ್ ನೋಟಿಸ್ ಅಲ್ಲಿಯವರೆಗೆ ಪೊಲೀಸರ ನಡುವೆ ಮಾತ್ರ ಓಡಾಡುತ್ತಿತ್ತು. ಅದರ ಭಾಗಗಳನ್ನು ಸಾರ್ವಜನಿಕರಿಗೆ ತೋರಿಸಿದ್ದು ಅದೇ ಮೊದಲು. 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸ್, ಇಟಲಿ, ಸ್ಪೇನ್ ಸೇರಿಕೊಂಡು ಪಟ್ಟಿ 46ಕ್ಕೆ ಏರಿತು.

ಮೊದಲ ಆರು ತಿಂಗಳಲ್ಲಿ ಜನರಿಂದ ಬಂದ ಸಂದೇಶಗಳು ಸುಮಾರು 1,250. ಬೀಗ ತೆರೆದದ್ದು ಒಂದು. ಉಳಿದವೆಲ್ಲ ವ್ಯರ್ಥ ಎಂದಲ್ಲ, ಆದರೆ ಪ್ರತಿಯೊಂದನ್ನೂ ಯಾರಾದರೂ ಕೂತು ಓದಲೇಬೇಕು. ಆ ಓದು ಹಗುರವಾಗುವಂತೆ ಬರೆಯುವುದು ಹೇಗೆ, ತಡವಾದಾಗ ಏನು ಕೇಳಬೇಕು, ಏನನ್ನು ಮಾಡಲೇಬಾರದು ಎಂಬುದು ಈ ಬರಹದ ವಿಷಯ.

ವಿವರ ಓದುವಾಗ ಯಾವುದಕ್ಕೆ ಎಷ್ಟು ತೂಕ

ಇಂಥ ಪ್ರಕರಣದ ಪುಟದಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಮುಖದ ಚಿತ್ರಕ್ಕೆ. ನಂಬಿಕೆ ಕಡಿಮೆ ಇಡಬೇಕಾದದ್ದೂ ಅದರ ಮೇಲೆಯೇ. ಅದು ಫೋಟೊ ಅಲ್ಲ. ತಲೆಬುರುಡೆಯ ಅಳತೆಯ ಮೇಲೆ ಮಾಂಸಲ ಭಾಗವನ್ನು ಅಂದಾಜಿನಲ್ಲಿ ತುಂಬಿ ಮಾಡಿದ ಪುನರ್‌ರಚನೆ. ಮುಖದ ಅಗಲ, ದವಡೆ, ಕಣ್ಣುಗಳ ನಡುವಿನ ದೂರ ಮೂಳೆಯಿಂದಲೇ ಬರುತ್ತವೆ, ಅವನ್ನು ನಂಬಬಹುದು. ಮೂಗಿನ ತುದಿ, ತುಟಿ, ಕಿವಿ, ಕೇಶವಿನ್ಯಾಸ ಬಹುತೇಕ ಕಲಾವಿದರ ಊಹೆ. ಹೀಗಾಗಿ ‘ಥೇಟ್ ನಮ್ಮ ಪಕ್ಕದ ಮನೆಯವರ ಹಾಗೇ ಇದ್ದಾಳೆ’ ಎಂಬುದು ಸುಳಿವಲ್ಲ. ‘ಸ್ವಲ್ಪವೂ ಹೋಲುವುದಿಲ್ಲ’ ಎಂದು ತಳ್ಳಿಹಾಕುವುದೂ ಸರಿಯಲ್ಲ.

ವಯಸ್ಸು, ಎತ್ತರಗಳನ್ನೂ ಹಿಗ್ಗಿಸಿ ಓದಿ. ಬೆಳೆದವರ ಮೂಳೆ ನೋಡಿ ಹೇಳುವ ವಯಸ್ಸು ಒಂದು ಶ್ರೇಣಿ ಅಷ್ಟೇ. 25ರಿಂದ 35 ಎಂದಿದ್ದರೆ ನಿಮಗೆ ಗೊತ್ತಿದ್ದವರಿಗೆ ಆಗ 38 ಆಗಿತ್ತೆಂದು ಕೈಬಿಡಬೇಡಿ. ಎತ್ತರದಲ್ಲಿ 5 ಸೆಂಟಿಮೀಟರ್ ಆಚೀಚೆ ಇರಲಿ. ಶವ ಸಿಕ್ಕಿದ ದಿನವನ್ನೇ ಸತ್ತ ದಿನವೆಂದು ಓದುವುದು ತೀರಾ ಸಾಮಾನ್ಯ ತಪ್ಪು. ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದಿರಬಹುದು. ಬಟ್ಟೆಯ ಲೇಬಲ್ಲು ಹೇಳುವುದು ಅದು ತಯಾರಾದ ಅಥವಾ ಮಾರಾಟವಾದ ಜಾಗವನ್ನು, ತೊಟ್ಟವರ ದೇಶವನ್ನಲ್ಲ.

ಹಚ್ಚೆ, ಆಪರೇಷನ್ನಿನ ಗುರುತು, ಹಲ್ಲಿಗೆ ಮಾಡಿದ ಕೆಲಸ, ಮುರಿದು ಕೂಡಿದ ಮೂಳೆ, ಕೆತ್ತನೆಯಿರುವ ಉಂಗುರ ಅಥವಾ ಗಡಿಯಾರ ಇವೇ ನಿಜವಾದ ಹಿಡಿಕೆಗಳು. ಮೊದಲು ಇವನ್ನು ಓದಿ, ಮುಖವನ್ನು ಕೊನೆಗೆ ನೋಡಿ.

ಐಸೋಟೋಪ್ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಬಾಲ್ಯದಲ್ಲಿ ಕುಡಿದ ನೀರು, ತಿಂದ ಆಹಾರದ ಗುರುತು ಹಲ್ಲಿನಲ್ಲಿ ಉಳಿದಿರುತ್ತದೆ, ಅದರಿಂದ ಬೆಳೆದ ಪ್ರದೇಶವನ್ನು ಅಂದಾಜಿಸುತ್ತಾರೆ. 1970ರ ನವೆಂಬರ್‌ನಲ್ಲಿ ನಾರ್ವೆಯ ಬರ್ಗೆನ್ ಹತ್ತಿರ ಸುಟ್ಟ ಸ್ಥಿತಿಯಲ್ಲಿ ಸಿಕ್ಕ ‘ಇಸ್‌ಡಾಲ್ ಮಹಿಳೆ’ಯ ಬಾಲ್ಯ ಜರ್ಮನಿ–ಫ್ರಾನ್ಸ್ ಕಡೆಯದು ಎಂದು ಹಲ್ಲು ಹೇಳಿತು. ಹೆಸರು ಹೇಳಲಿಲ್ಲ. ವಿಜ್ಞಾನ ದಿಕ್ಕು ತೋರಿಸುತ್ತದೆ. ಮನೆ ಬಾಗಿಲವರೆಗೆ ಕರೆದೊಯ್ಯುವವರು ಗುರುತು ಬಲ್ಲ ಜನ.

ಯಾರದೋ ನೆನಪಾದರೆ

ಮೊದಲ ಕೆಲಸ, ಪುಟವನ್ನು ಮುಚ್ಚಿ. ಮತ್ತೆ ಮತ್ತೆ ನೋಡಿದಷ್ಟೂ ಓದಿದ್ದು ನೆನಪಿನೊಳಗೆ ಬೆರೆಯುತ್ತದೆ, ಆಮೇಲೆ ‘ಹೌದು, ಅವಳಿಗೂ ಎಡಗೈಯಲ್ಲೇ ಹಚ್ಚೆ ಇತ್ತು’ ಎಂದು ಮನಸ್ಸೇ ಪ್ರಮಾಣ ಮಾಡುತ್ತದೆ. ಕಾಗದ ತೆಗೆದುಕೊಂಡು ನೆನಪಿದ್ದಷ್ಟನ್ನು ಬರೆಯಿರಿ. ‘ಎಡವೋ ಬಲವೋ ನೆನಪಿಲ್ಲ’ ಎಂದಿದ್ದರೆ ಹಾಗೆಯೇ ಬರೆಯಿರಿ. ಇಂಥ ಪ್ರಾಮಾಣಿಕ ಅನುಮಾನ ತನಿಖಾಧಿಕಾರಿಗೆ ಸುಳ್ಳು ಖಚಿತತೆಗಿಂತ ಬೆಲೆಬಾಳುತ್ತದೆ.

ಸಂದೇಶ 200 ಪದ ದಾಟದಿದ್ದರೆ ಒಳ್ಳೆಯದು. ಅದರಲ್ಲಿ ಇರಬೇಕಾದದ್ದು: ಆ ವ್ಯಕ್ತಿಯ ಪೂರ್ಣ ಹೆಸರು, ಅಡ್ಡಹೆಸರು, ಹುಟ್ಟಿದ ವರ್ಷ, ಕೊನೆಯ ಬಾರಿ ಎಲ್ಲಿ, ಯಾವ ತಿಂಗಳಲ್ಲಿ ಕಂಡಿದ್ದು, ಆಗ ಯಾವ ಊರಲ್ಲಿ ವಾಸ, ಏನು ಕೆಲಸ, ಬದುಕಿರುವ ರಕ್ತಸಂಬಂಧಿಗಳು ಯಾರು, ಯಾವ ದೇಶದಲ್ಲಿ, ನಿಮ್ಮಲ್ಲಿ ಫೋಟೊ ಇದೆಯೇ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಇದನ್ನು ನೀವೇ ಕಂಡಿರೋ ಯಾರಿಂದಲೋ ಕೇಳಿದಿರೋ ಎಂಬುದು. ಕೇಳಿದ್ದಾದರೆ ಯಾರಿಂದ ಎಂದು ತಿಳಿಸಿ.

ಮಾದರಿ ಹೀಗಿರಲಿ: ‘ಪ್ರಕರಣದ ಪುಟದಲ್ಲಿರುವ ಹಚ್ಚೆಯಂಥದ್ದನ್ನು ನಾನು 1991ರಲ್ಲಿ ಸಹೋದ್ಯೋಗಿಯೊಬ್ಬರ ಕೈಮೇಲೆ ನೋಡಿದ್ದೇನೆ. ಅವರು 1992ರ ಬೇಸಿಗೆಯಲ್ಲಿ ಕೆಲಸ ಬಿಟ್ಟರು, ಆಮೇಲೆ ಸಂಪರ್ಕವಿಲ್ಲ. ತಂಗಿ ಇದ್ದರು, ಊರು ಗೊತ್ತು. ಒಂದು ಗುಂಪು ಫೋಟೊ ಇದೆ. ಕೊಲೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಯಾರು ಕೊಂದಿರಬಹುದೆಂಬ ಕಥೆಯನ್ನು ಇದರೊಳಗೆ ತುರುಕಿದರೆ ಗಟ್ಟಿ ಮಾಹಿತಿಯೂ ಅದರಡಿ ಹೂತುಹೋಗುತ್ತದೆ.

ಭಾರತದವರ ವಿಷಯ ಬರೆಯುವಾಗ ಎರಡು ಎಡವಟ್ಟು ಆಗುತ್ತವೆ. ಒಂದು ಇನಿಷಿಯಲ್‌ದು. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರ ಮುಂದೆ ಕೂರುತ್ತದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಕುಲನಾಮವಾಗಿರುವುದೂ ಉಂಟು, ಆ ಜಾಗ ಖಾಲಿ ಇರುವುದೂ ಉಂಟು. ಗೊತ್ತಿರುವ ಎಲ್ಲ ರೂಪಗಳನ್ನೂ ಬರೆಯಿರಿ. ಇನ್ನೊಂದು ತಾರೀಖಿನದು: 3-6 ಎಂದರೆ ಕೆಲವರಿಗೆ ಜೂನ್ 3, ಕೆಲವರಿಗೆ ಮಾರ್ಚ್ 6. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಗೊತ್ತಿಲ್ಲದ ಡಚ್ಚಿಗೋ ಜರ್ಮನ್ನಿಗೋ ಯಂತ್ರದಿಂದ ಅನುವಾದಿಸಿ ಕಳುಹಿಸುವ ಸಾಹಸ ಬೇಡ, ಸರಳ ಇಂಗ್ಲಿಷ್ ಸಾಕು. ಅಭಿಯಾನದ ಪುಟದಲ್ಲಿರುವ ಫಾರ್ಮಿನ ಮೂಲಕ ಒಮ್ಮೆ ಕಳುಹಿಸಿ. ಐದು ಕಡೆಗೆ ಐದು ಬಾರಿ ಕಳುಹಿಸಿದರೆ ಅದೇ ಮಾಹಿತಿ ಐದು ಬೇರೆ ಸುಳಿವುಗಳಂತೆ ಕಂಡು ಅವರ ಸಮಯ ಹಾಳು.

ಕಳುಹಿಸಿದ ಮೇಲೆ ಯಾಕಿಷ್ಟು ತಡ

ಜನರ ಸಿಟ್ಟೆಲ್ಲ ಇಲ್ಲಿಯೇ. ‘ಹೆಸರೇ ಕೊಟ್ಟೆವಲ್ಲ, ಇನ್ನೇನು ಬೇಕು?’ ಬೇಕಾದದ್ದು ಬಹಳ. ಆ ಹೆಸರಿನ ವ್ಯಕ್ತಿ ಬೇರೆಲ್ಲೋ ಬದುಕಿಲ್ಲವೆಂದು ಮೊದಲು ಖಾತ್ರಿಪಡಿಸಬೇಕು, ಎಷ್ಟೋ ಸುಳಿವು ಅಲ್ಲೇ ಮುಗಿಯುತ್ತವೆ. ಬಳಿಕ ಬಂಧುಗಳನ್ನು ಹುಡುಕಬೇಕು. ಅವರು ಬೇರೆ ದೇಶದಲ್ಲಿದ್ದರೆ ಆ ದೇಶದ ಪೊಲೀಸರೇ ಹೋಗಿ ಒಪ್ಪಿಗೆಯಿಂದ ಮಾದರಿ ತೆಗೆಯಬೇಕು. ಬೆಲ್ಜಿಯಂ ಪೊಲೀಸರು ಬೇರೆ ದೇಶದ ಮನೆಯ ಬಾಗಿಲು ತಟ್ಟುವಂತಿಲ್ಲ. ಇಂಟರ್‌ಪೋಲ್‌ಗೆ ಬಂಧಿಸುವ ಅಧಿಕಾರವೂ ಇಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ ಕೂತು 196 ಸದಸ್ಯ ದೇಶಗಳ ನಡುವೆ ಮಾಹಿತಿ ಓಡಾಡಿಸುವ ಸಂಸ್ಥೆ ಅದು. ಬೆರಳಚ್ಚು, ಹಲ್ಲು, ಡಿಎನ್‌ಎ ಈ ಮೂರರಲ್ಲಿ ಒಂದಾದರೂ ಕೂಡಿದರೆ ಮಾತ್ರ ಗುರುತು ಸಿಕ್ಕಿತೆಂದು ನಂಬುತ್ತಾರೆ. ಕುಟುಂಬಕ್ಕೆ ತಿಳಿಸಿದ ಮೇಲೆಯೇ ಪ್ರಕಟಣೆ. ಆಂಟ್‌ವರ್ಪ್ ಕೇಸಿನಲ್ಲಿ ಅಭಿಯಾನ ಮೇ ತಿಂಗಳಲ್ಲಿ ಶುರುವಾಗಿ, ಘೋಷಣೆ ನವೆಂಬರ್‌ನಲ್ಲಿ ಬಂತು. ಅದು ಚುರುಕಾದ ಓಟ.

ಬೆರಳಚ್ಚಿನ ಸಂಗತಿ ಇನ್ನೂ ವಿಚಿತ್ರ. 2005ರಲ್ಲಿ ಬಾರ್ಸಿಲೋನಾ ಬಳಿಯ ವಿಲಾಡೆಕಾನ್ಸ್‌ನಲ್ಲಿ ಗುಲಾಬಿ ಉಡುಪಿನ ಹೆಂಗಸಿನ ಶವ ಸಿಕ್ಕಿತು. ಗುರುತು ಸಿಕ್ಕಿದ್ದು 2025ರಲ್ಲಿ, ಟರ್ಕಿಯ ದತ್ತಾಂಶದಲ್ಲಿ ಬೆರಳಚ್ಚು ಕೂಡಿ, ರಷ್ಯಾದ ಹತ್ತಿರದ ಬಂಧುವಿನ ಡಿಎನ್‌ಎ ಅದನ್ನು ದೃಢಪಡಿಸಿ. ಬೆರಳಚ್ಚಿನ ಕಪಾಟು ಪ್ರತಿ ದೇಶದ್ದೂ ಬೇರೆ. ಯಾವ ದೇಶ ತನ್ನ ಕಪಾಟು ತೆಗೆದು ನೋಡುತ್ತದೋ ಅಲ್ಲಿ ಮಾತ್ರ ಉತ್ತರ. ಯುರೋಪಿನ ಏಳು ದೇಶಗಳು ಡಿಎನ್‌ಎ, ಬೆರಳಚ್ಚುಗಳನ್ನು ಯಾಂತ್ರಿಕವಾಗಿ ಹೋಲಿಸುವ ಪ್ರುಮ್ ಒಪ್ಪಂದಕ್ಕೆ ಸಹಿ ಹಾಕಿದ್ದೂ 2005ರಲ್ಲೇ. ಜನ ಗಡಿ ದಾಟಿದಷ್ಟು ಸಲೀಸಾಗಿ ಕಡತ ದಾಟುವುದಿಲ್ಲ.

ಪೊಲೀಸರು ಎಲ್ಲವನ್ನೂ ಹೇಳದಿರುವುದಕ್ಕೂ ಕಾರಣವಿದೆ. ಕೊಂದವನಿಗೆ ಮಾತ್ರ ಗೊತ್ತಿರಬಹುದಾದ ಒಂದೆರಡು ವಿವರ ಬಚ್ಚಿಟ್ಟರೆ ಮುಂದೆ ಸುಳ್ಳು ತಪ್ಪೊಪ್ಪಿಗೆಯನ್ನು ಜರಡಿ ಹಿಡಿಯಬಹುದು.

ಪದಗಳ ಗೊಂದಲ

ವಿದೇಶದ ಕೇಸು ಕನ್ನಡದ ಸುದ್ದಿಯಾಗುವಾಗ ಶಂಕಿತ, ಆರೋಪಿ, ಅಪರಾಧಿ ಎಲ್ಲ ಒಂದೇ ಆಗಿಬಿಡುತ್ತಾರೆ. 2007ರ ಮೇ 3ರಂದು ಪೋರ್ಚುಗಲ್‌ನ ಪ್ರಾಯಾ ದ ಲುಜ್‌ನಲ್ಲಿ ಬ್ರಿಟಿಷ್ ಮಗು ಕಾಣೆಯಾದ ಪ್ರಕರಣ ನೋಡಿ. ಪೋರ್ಚುಗಲ್‌ನ ‘ಅರ್ಗಿದು’ ಎಂಬ ಸ್ಥಾನ ಆರೋಪಪಟ್ಟಿಯಲ್ಲ. ವಿಚಾರಣೆಗೆ ಒಳಗಾಗುವವನಿಗೆ ವಕೀಲರ ಹಕ್ಕು, ಮೌನದ ಹಕ್ಕು ಕೊಡುವ ಔಪಚಾರಿಕ ಶಂಕಿತನ ಸ್ಥಾನ. 2022ರ ಏಪ್ರಿಲ್‌ನಲ್ಲಿ ಜರ್ಮನಿಯ ಒಬ್ಬನನ್ನು ಅರ್ಗಿದು ಎಂದಾಗ ಕೇಸು ಮುಗಿಯಿತೆಂದು ಜಗತ್ತು ಹಾರಾಡಿತು. ನಿಜದಲ್ಲಿ ಕೇಸು ಹೂಡಲು ಅಲ್ಲಿರುವ 15 ವರ್ಷದ ಕಾಲಮಿತಿ ಮುಗಿಯಲು ಕೆಲವೇ ದಿನ ಉಳಿದಿತ್ತು. ಜರ್ಮನಿಯಲ್ಲಿ ಕೊಲೆಗೆ ಕಾಲಮಿತಿ ಇಲ್ಲ, 1979ರಲ್ಲೇ ತೆಗೆದರು. ಭಾರತದಲ್ಲೂ ಇಲ್ಲ, ನಮ್ಮ ಕಾಲಮಿತಿ ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಸುದ್ದಿ ಹಂಚುವ ಮುಂಚೆ ಆ ದೇಶದ ಪದ ಯಾವುದು, ಅದರ ಅರ್ಥವೇನು ಎಂದು ಒಮ್ಮೆ ನೋಡಿ. ಜರ್ಮನ್ ಪತ್ರಿಕೆಗಳು ಶಂಕಿತನ ಮೊದಲ ಹೆಸರು, ಮುಂದೆ ಒಂದಕ್ಷರ ಮಾತ್ರ ಬರೆಯುವುದರಲ್ಲಿ ಕಲಿಯುವುದಿದೆ.

ಮಾಡಬಾರದ್ದು

ಹೆಸರು ಹೇಳುವ ಚಟ ಮೊದಲನೆಯದು. 2013ರ ಬಾಸ್ಟನ್ ಬಾಂಬ್ ಸ್ಫೋಟದ ನಂತರ ಇಂಟರ್‌ನೆಟ್ಟಿನ ಹವ್ಯಾಸಿ ಪತ್ತೇದಾರರು ಅದಾಗಲೇ ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯತ್ತ ಬೆರಳು ತೋರಿಸಿದರು. ಅವನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಬಳಿಕ ಅವನ ಶವ ಸಿಕ್ಕಿತು. ಮಗನನ್ನು ಹುಡುಕುತ್ತಿದ್ದ ಮನೆಯವರು ಬೈಗುಳ ಕೇಳಬೇಕಾಯಿತು. ಲುಜ್ ಪ್ರಕರಣದಲ್ಲಿ ಅಲ್ಲೇ ವಾಸವಿದ್ದ ಬ್ರಿಟಿಷ್ ಪ್ರಜೆಯೊಬ್ಬರ ಬಗ್ಗೆ ಬರೆದದ್ದಕ್ಕೆ 2008ರಲ್ಲಿ ಬ್ರಿಟಿಷ್ ಪತ್ರಿಕೆಗಳು 6 ಲಕ್ಷ ಪೌಂಡ್ ತೆತ್ತವು. ನಮ್ಮಲ್ಲಿ ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಇದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು 72ನೇ ಸೆಕ್ಷನ್ ಪ್ರಕಾರ ಅಪರಾಧ, ಸತ್ತವರದ್ದಾದರೂ.

ಪುನರ್‌ರಚಿಸಿದ ಮುಖವನ್ನು ಮುಖ ಹುಡುಕುವ ಆ್ಯಪ್‌ಗೆ ಹಾಕಬೇಡಿ. ಅಂದಾಜಿನ ಮುಖಕ್ಕೆ ಅದು ಬದುಕಿರುವ ಯಾರದೋ ಮುಖವನ್ನು ಜೋಡಿಸಿ ಕೊಡುತ್ತದೆ. ಕಾಣೆಯಾದವರ ಮನೆಯವರಿಗೆ ನೇರ ಮೆಸೇಜು ಮಾಡಬೇಡಿ. ಫಾರ್ವರ್ಡ್ ಮಾಡುವುದಾದರೆ ಸ್ಕ್ರೀನ್‌ಶಾಟ್ ಬದಲು ಮೂಲ ಪುಟದ ಲಿಂಕನ್ನೇ ಕಳುಹಿಸಿ. ಗುರುತು ಸಿಕ್ಕ ಮೇಲೂ ಸ್ಕ್ರೀನ್‌ಶಾಟ್ ವರ್ಷಗಟ್ಟಲೆ ವಾಟ್ಸ್‌ಆ್ಯಪ್‌ನಲ್ಲಿ ಅಲೆಯುತ್ತಿರುತ್ತದೆ. ಯುರೋಪಿನಲ್ಲಿರುವ ಕನ್ನಡ ಕೂಟಗಳ ಗುಂಪಿಗೆ ಇಂಥ ಲಿಂಕ್ ಹಾಕುವುದು ಒಳ್ಳೆಯ ಕೆಲಸ. ಕೆಳಗೆ ಚರ್ಚೆ ಬೆಳೆಯಲು ಬಿಡಬೇಡಿ.

ಕಾಣೆಯಾದವರು ನಿಮ್ಮ ಮನೆಯವರೇ ಆದರೆ

ವಿದೇಶದಲ್ಲಿ ಸಂಪರ್ಕ ಕಡಿದುಹೋದವರ ಬಗ್ಗೆ ಊರಿನ ಠಾಣೆಯಲ್ಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇಂಟರ್‌ಪೋಲ್‌ಗೆ ಭಾರತದ ಬಾಗಿಲು ದೆಹಲಿಯ ಸಿಬಿಐ. ರಾಜ್ಯ ಪೊಲೀಸರ ಕೋರಿಕೆ ಅಲ್ಲಿಗೆ ತಲುಪಲು 2025ರ ಜನವರಿಯಿಂದ ‘ಭಾರತ್‌ಪೋಲ್’ ಪೋರ್ಟಲ್ ಇದೆ. ನೀವು ಕೇಳಬೇಕಾದದ್ದು ಯೆಲ್ಲೋ ನೋಟಿಸ್, ಕಾಣೆಯಾದವರಿಗಾಗಿ ಹೊರಡಿಸುವಂಥದ್ದು. ಜೊತೆಗೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲೂ ದೂರು ದಾಖಲಿಸಿ.

ತಡಮಾಡದೆ ಜೋಪಾನ ಮಾಡಬೇಕಾದವು ಕೆಲವಿವೆ. ಅವರು ಬಳಸಿದ ಬಾಚಣಿಗೆ, ಹಲ್ಲುಜ್ಜುವ ಬ್ರಷ್‌ಗಳನ್ನು ತೊಳೆಯದೆ, ಒಣಗಿಸಿ, ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕೂತು ಬೂಷ್ಟು ಹಿಡಿದರೆ ಡಿಎನ್‌ಎ ಹಾಳು. ಹಲ್ಲಿನ ಡಾಕ್ಟರ ಹತ್ತಿರ ಎಕ್ಸ್‌ರೇ ಪ್ರತಿ ಈಗಲೇ ಕೇಳಿ, ಹಳೆಯ ದಾಖಲೆ ಯಾರೂ ಬಹುಕಾಲ ಇಟ್ಟುಕೊಳ್ಳುವುದಿಲ್ಲ. ತಂದೆ ತಾಯಿಗೆ ವಯಸ್ಸಾಗಿದ್ದರೆ ಅವರ ಡಿಎನ್‌ಎ ಮಾದರಿ ತೆಗೆಯುವಂತೆ ಪೊಲೀಸರನ್ನು ಒತ್ತಾಯಿಸಿ; ಬಂಧುಗಳ ಡಿಎನ್‌ಎಯಿಂದ ಕಾಣೆಯಾದವರನ್ನು ಹುಡುಕುವ ‘ಐ-ಫ್ಯಾಮಿಲಿಯಾ’ ವ್ಯವಸ್ಥೆ ಇಂಟರ್‌ಪೋಲ್‌ನಲ್ಲಿ 2021ರಿಂದ ಇದೆ. ಆಧಾರ್‌ನಲ್ಲಿ ಬೆರಳಚ್ಚು ಇದೆಯಲ್ಲ ಎಂದು ಸುಮ್ಮನಿರಬೇಡಿ, ಅದನ್ನು ಹಂಚಿಕೊಳ್ಳಲು ಆಧಾರ್ ಕಾಯ್ದೆ ಬಿಡುವುದಿಲ್ಲ. ಷೆಂಗೆನ್ ವೀಸಾಕ್ಕೆ ಕೊಟ್ಟ ಬೆರಳಚ್ಚು ಯುರೋಪಿನ ವ್ಯವಸ್ಥೆಯಲ್ಲಿರುವುದು ಹೆಚ್ಚೆಂದರೆ ಐದು ವರ್ಷ. ವೀಸಾ ಪ್ರತಿಯನ್ನು ದೂರಿನ ಜೊತೆಗೇ ಲಗತ್ತಿಸಿ.

ಒತ್ತಡ ಹಾಕುವುದು ತಪ್ಪಲ್ಲ. ಎಷ್ಟೋ ಹಳೆಯ ಕಡತ ಧೂಳು ಕೊಡವಿಕೊಂಡು ಎದ್ದದ್ದು ಮನೆಯವರ ಹಟದಿಂದ. ಆದರೆ ‘ಏನು ಮಾಡುತ್ತಿದ್ದೀರಿ?’ ಎಂದು ಕೇಳಿದರೆ ‘ತನಿಖೆ ನಡೆಯುತ್ತಿದೆ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಹೌದು–ಇಲ್ಲ ಎಂದೋ ಖಚಿತ ವಿವರ ಕೊಟ್ಟೋ ಉತ್ತರಿಸಲೇಬೇಕಾದ ಪ್ರಶ್ನೆ ಕೇಳಿ: ಬೆರಳಚ್ಚು ಯಾವ ಯಾವ ದೇಶಗಳಿಗೆ ಹೋಗಿದೆ? ಡಿಎನ್‌ಎ ತೆಗೆದಾಗಿದೆಯೇ, ಯಾವ ತಾರೀಖಿಗೆ? ನೋಟಿಸ್ ಹೊರಟಿದೆಯೇ? ವಿದೇಶದ ಕೋರ್ಟಿಗೆ ಕೋರಿಕೆ ಪತ್ರ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಸೆಕ್ಷನ್ ಪ್ರಕಾರದ್ದು, ಹೋಗಿದೆಯೇ? ಮೂರು ತಿಂಗಳಿಗೊಮ್ಮೆ, ಬರವಣಿಗೆಯಲ್ಲಿ, ಹಿಂದಿನ ಸ್ವೀಕೃತಿಯ ಸಂಖ್ಯೆಯನ್ನು ಮೇಲೆ ಬರೆದು ಕಳುಹಿಸಿ. ತನಿಖಾಧಿಕಾರಿ ವರ್ಗವಾಗಿ ಹೊಸಬರು ಬಂದಾಗ ಅವರ ಮೇಜಿನ ಮೇಲೆ ಮೊದಲು ಸಿಗುವುದು ಆ ಪತ್ರವೇ.